ಕಾಯಿ ಕೇಕಿನ ಮೇಲಿನ ನೊರೆ

ನನ್ನ ಹೆಂಡತಿ ಕೇಕು ಮಾಡಲು ಕಲಿತದ್ದು ಹೊನ್ನಾವರದಲ್ಲಿ, ತವರುಮನೆಯ ಬೇಲಿಯಾಚೆ ಇದ್ದ ಒಬ್ಬ ಕ್ರಿಶ್ಚಿಯನ್ ಮುದುಕಿಯ ಅಡುಗೆಮನೆಯಲ್ಲಿ. ಕೇರಿಯವರೆಲ್ಲ ಆಕೆಯನ್ನು ಬಾಯಮ್ಮ ಎನ್ನುತ್ತಿದ್ದರು. ನನ್ನ ಮಾವ ದೋಣಿಗೆ ಹೋಗುವವರು, ಅತ್ತೆ ಬೆಳಗಾಗುವುದರೊಳಗೆ ಬುಟ್ಟಿ ಹೊತ್ತು ಮೀನು ಪೇಟೆಗೆ ಹೋಗುವವರು. ಹಾಗಾಗಿ ಶಾಲೆ ಬಿಟ್ಟ ಮೇಲೆ ಹುಡುಗಿ ಬಾಯಮ್ಮನ ಮನೆಯಲ್ಲೇ ಇರುತ್ತಿದ್ದಳು. ಅಲ್ಲಿ ಕಾಯಿ ತುರಿಯುವುದು, ಮೊಟ್ಟೆ ಒಡೆಯುವುದು, ಹಿಟ್ಟು ಜರಡಿ ಹಿಡಿಯುವುದು ಮಾಡುತ್ತ ಮಾಡುತ್ತ ಕೇಕು ಕಲಿತಳು. ಕೊಂಕಣಿ ಕಲಿತಳು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಬಾಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹೋಳು, ಚೂರು ಹೊಗೆಸೊಪ್ಪು ಇಟ್ಟು ಮಡಚುತ್ತಿದ್ದಳಂತೆ. ನಮ್ಮ ಕಡೆ ಅದಕ್ಕೆ ಕವಳ ಎನ್ನುತ್ತೇವೆ. ಕವಳ ಹಾಕುವುದನ್ನೂ ನನ್ನ ಹೆಂಡತಿ ಅಲ್ಲೇ ಕಲಿತಳು.

ಮದುವೆಯಾಗಿ ಹಳದೀಪುರಕ್ಕೆ ಬಂದಾಗ ಈ ಮೂರನ್ನೂ ಜೊತೆಗೆ ತಂದಳು. ನನ್ನ ತಾಯಿಗೆ ಕವಳದ ಬಗ್ಗೆ ಯಾವ ತಕರಾರೂ ಇರಲಿಲ್ಲ, ಅವಳೂ ಹಾಕುವವಳೇ. ಕೇಕಿನ ಬಗ್ಗೆ ಮಾತ್ರ ಅನುಮಾನ. ಹಿತ್ತಲಿನ ತೆಂಗಿನ ಮರಗಳ ಕೆಳಗೆ ಮೂರು ಕಲ್ಲಿಟ್ಟು ಸೊಸೆ ಒಲೆ ಹೂಡಿದಳು. ದೊಡ್ಡ ಪಾತ್ರೆಯಲ್ಲಿ ಮರಳು ಹಾಕಿ, ಅದರೊಳಗೆ ಹಿಟ್ಟಿನ ಪಾತ್ರೆ ಇಳಿಸಿ, ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೂ ಉರಿಯುವ ತೆಂಗಿನ ಗರಟೆ ಪೇರಿಸಿದಾಗ ತಾಯಿ ಹೊಸ್ತಿಲಲ್ಲಿ ನಿಂತು, "ಕೆಳಗೂ ಬೆಂಕಿ, ಮೇಲೂ ಬೆಂಕಿ. ಇದು ಎಂತ ಅಡುಗೆ ಮಾರಾಯ್ತಿ?" ಎಂದು ಕೇಳಿದಳು. ಆದರೆ ಹಿತ್ತಲಿಡೀ ಬೆಂದ ಕಾಯಿಯ, ಏಲಕ್ಕಿಯ ಪರಿಮಳ ತುಂಬಿಕೊಂಡ ಮೇಲೆ ಅವಳೇ ಹೋಗಿ ಅಕ್ಕಪಕ್ಕದವರನ್ನು ಕರೆದು ಬಂದಳು.

ಅದು ಬೇಕರಿಯ ಕೇಕಿನ ಹಾಗಲ್ಲ. ಎರಡು ಕಾಯಿಯ ಬಿಳಿ ತುರಿ ಬೇಕು, ಕಂದು ಸಿಪ್ಪೆ ಒಂದೆಳೆಯೂ ಸೇರಬಾರದು. ಮೈದಾ, ಬೆಣ್ಣೆ, ಸಕ್ಕರೆ, ಮೊಟ್ಟೆ, ನೀರಿನ ಬದಲು ಗಟ್ಟಿ ಕಾಯಿಹಾಲು. ಕೇಕು ಆರಿದ ಮೇಲೆ ಅದರ ಮೇಲೆ ಒಂದು ನೊರೆ ಬರುತ್ತದೆ. ಮೊಟ್ಟೆಯ ಬಿಳಿಯನ್ನು ಮಾತ್ರ ಬೇರೆ ಮಾಡಿ ಕಡೆಯುತ್ತ, ಬಿಸಿ ಸಕ್ಕರೆ ಪಾಕವನ್ನು ದಾರದಂತೆ ಇಳಿಬಿಡುತ್ತ, ಕೈ ಸೋತುಬೀಳುವ ತನಕ ಕಡೆಯಬೇಕು. ಮೊದಲು ಸಾಬೂನಿನ ಗುಳ್ಳೆಯಂತೆ ಕಾಣುವುದು ಆಮೇಲೆ ಬಿಗಿಯುತ್ತ ಹೋಗಿ ಹತ್ತಿಯ ಗುಡ್ಡೆಯಾಗುತ್ತದೆ. ಅದನ್ನು ಕೇಕಿನ ಮೇಲೆ, ಸುತ್ತಲೂ ಬಳಿದು ಮೇಲಿಂದ ಕಾಯಿತುರಿ ಉದುರಿಸಬೇಕು. ನಾನು ಒಮ್ಮೆ ಅದನ್ನು ಕ್ರೀಂ ಎಂದೆ. "ಕ್ರೀಂ ಬೇಕಾದ್ರೆ ಬೇಕರಿಗೆ ಹೋಗಿ. ಇದು ನೊರೆ," ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ನೊರೆ ಎಂದೇ ಆಯಿತು.

ನಾನು ಬಸ್ ಕಂಡಕ್ಟರ್. ಬಹಳ ವರ್ಷ ಕುಮಟಾದಿಂದ ಭಟ್ಕಳಕ್ಕೆ ಹೋಗಿ ಬರುವ ಲೋಕಲ್ ಬಸ್ಸಿನಲ್ಲೇ ಕೆಲಸ ಮಾಡಿದೆ. ಧಾರೇಶ್ವರ, ಹಳದೀಪುರ, ಹೊನ್ನಾವರ ಎಂದು ಕೂಗಿ ಕೂಗಿ ನನ್ನ ದನಿ ಒಡೆದುಹೋಗಿತ್ತು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳು ನಮ್ಮ ಪಾಲಿಗೆ ಒಳ್ಳೆಯವು. ಮಗಳು ಪ್ರಾಥಮಿಕ ಶಾಲೆಯಲ್ಲಿದ್ದಳು. ಅವಳ ಹುಟ್ಟಿದ ದಿನ ಬರುವುದು ಬೇಸಿಗೆ ರಜೆಯಲ್ಲಿ. ಆ ದಿನ ಬಾಯಮ್ಮನೂ ಹೊನ್ನಾವರದಿಂದ ನಮ್ಮ ಬಸ್ಸಿನಲ್ಲೇ ಬರುತ್ತಿದ್ದಳು. ಹಿತ್ತಲಲ್ಲಿ ಗುರುವೂ ಶಿಷ್ಯೆಯೂ ಕೊಂಕಣಿಯಲ್ಲಿ ಜಗಳವಾಡುತ್ತ ಕೇಕು ಮಾಡುತ್ತಿದ್ದರು. ಪಾಕ ಎಷ್ಟು ಎಳೆ ಬರಬೇಕು ಎಂಬುದರ ಮೇಲೆ ಪ್ರತಿ ವರ್ಷವೂ ಅದೇ ಜಗಳ. ಮರುದಿನ ನನ್ನ ಟಿಫಿನ್ ಡಬ್ಬಿಯಲ್ಲಿ ಎರಡು ತುಂಡು. ಒಂದು ನನಗೆ, ಇನ್ನೊಂದು ಡ್ರೈವರಿಗೆ.

ಭಟ್ಕಳದಲ್ಲಿ ಬಸ್ಸು ನಿಲ್ಲುವ ಹೊತ್ತಿನಲ್ಲಿ ನಾನು ಪೇಟೆ ಸುತ್ತುವುದಿತ್ತು. ಅಲ್ಲಿ ಕೊಲ್ಲಿ ದೇಶಗಳಿಂದ ಬಂದ ಸಾಮಾನು ಮಾರುವ ಅಂಗಡಿಗಳು ಸಾಲಾಗಿದ್ದವು. ಸೆಂಟು, ಟಾರ್ಚು, ಕಂಬಳಿಗಳ ನಡುವೆ ಒಂದು ದಿನ ಮೊಟ್ಟೆ ಕಡೆಯುವ ಕರೆಂಟಿನ ಯಂತ್ರ ಕಂಡಿತು. ಅಂಗಡಿಯವರು ನವಾಯತರು, ಭಟ್ಕಳದ ಮುಸ್ಲಿಮರು. ಡಬ್ಬಿಯಿಂದ ತೆಗೆದು ಓಡಿಸಿ ತೋರಿಸಿದರು. ಮನೆಯಲ್ಲಿ ಯಾರು ಕೇಕು ಮಾಡುವುದು ಎಂದು ಕೇಳಿದರು. ನಾನು ಹೆಂಡತಿ ಎಂದಾಗ, ತಮ್ಮ ಅಮ್ಮನೂ ಹಿಂದೆ ಕೈಯಲ್ಲೇ ಕಡೆಯುತ್ತಿದ್ದರು, ಅವರ ಬಲ ತೋಳು ಎಡದಕ್ಕಿಂತ ದಪ್ಪವಾಗಿತ್ತು ಎಂದು ನಕ್ಕರು. ನಾನು ಅದನ್ನು ತಂದೆ. ಹೆಂಡತಿಗೆ ಅಷ್ಟೇನೂ ಖುಷಿಯಾಗಲಿಲ್ಲ. ಯಂತ್ರದ ನೊರೆಗೆ ಗಟ್ಟಿತನ ಸಾಲದು ಎಂದಳು. ಆದರೂ ಮಗಳಿಗೆ ಅದರ ಗುಂಯ್ ಸದ್ದು ಇಷ್ಟವೆಂದು ಅರ್ಧ ಕೈಯಲ್ಲಿ, ಅರ್ಧ ಯಂತ್ರದಲ್ಲಿ ಮಾಡತೊಡಗಿದಳು.

ಹುಣ್ಣು ಎದ್ದದ್ದು ನಾಲಿಗೆಯ ಎಡಬದಿಗೆ. ಸುಣ್ಣ ಹೆಚ್ಚಾಗಿ ಸುಟ್ಟಿರಬೇಕು ಎಂದುಕೊಂಡಳು. ಕವಳವನ್ನು ಬಲಕ್ಕೆ ಹಾಕತೊಡಗಿದಳು. ತಾಯಿ ತುಪ್ಪ ಹಚ್ಚಿದಳು, ದಾಳಿಂಬೆ ಸಿಪ್ಪೆಯ ಕಷಾಯದಲ್ಲಿ ಬಾಯಿ ಮುಕ್ಕಳಿಸಲು ಹೇಳಿದಳು. ಹೊನ್ನಾವರದ ಒಬ್ಬ ಡಾಕ್ಟರು ವಿಟಮಿನ್ ಗುಳಿಗೆ ಕೊಟ್ಟರು. ಹುಣ್ಣು ಒಮ್ಮೆ ಕಡಿಮೆಯಾದಂತೆ ಕಂಡು ಮತ್ತೆ ಕೆರಳುತ್ತಿತ್ತು. ಊಟದ ಹೊತ್ತಿಗೆ ಸಾರಿನ ಖಾರ ತಾಗಿ ಅವಳ ಕಣ್ಣಲ್ಲಿ ನೀರು ಬರುವುದನ್ನು ನೋಡಿ ಒಂದು ದಿನ ಒತ್ತಾಯದಿಂದ ಕುಮಟಾದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬ್ಯಾಟರಿ ಹಿಡಿದು ನೋಡಿದರು. ಕೈಗವಸು ಹಾಕಿದ ಬೆರಳಿಂದ ನಾಲಿಗೆಯನ್ನು ಒತ್ತಿ ನೋಡಿದರು. ಆಮೇಲೆ ಕೈ ತೊಳೆಯಲು ಬಹಳ ಹೊತ್ತು ತೆಗೆದುಕೊಂಡರು. ತಿರುಗಿ ನಿಂತು, ತಡ ಮಾಡದೆ ಮಂಗಳೂರಿಗೆ ಹೋಗಿ ಎಂದಷ್ಟೇ ಹೇಳಿದರು.

ರೈಲು ಆಗ ನಮ್ಮ ಕಡೆಗೆ ಹೊಸದು. ಅವಳು ಅದರಲ್ಲಿ ಕೂತದ್ದು ಅದೇ ಮೊದಲು. ಶರಾವತಿಯ ಸೇತುವೆ ಬಂದಾಗ ಕಿಟಕಿಗೆ ಮುಖವಿಟ್ಟು ತನ್ನಪ್ಪನ ದೋಣಿ ಕಾಣುತ್ತದೋ ಎಂದು ಹುಡುಕಿದಳು. ಮಂಗಳೂರಿನ ಆಸ್ಪತ್ರೆಯಲ್ಲಿ ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದರು. ನಾಲಿಗೆಯ ಅರ್ಧಕ್ಕಿಂತ ಹೆಚ್ಚು ಭಾಗ ತೆಗೆಯಬೇಕು, ಮೇಲಿಂದ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕು ಎಂದರು. ಹಾಗೆಂದರೆ ಮಾತು ಹೋಗುತ್ತದೆಯೇ ಎಂದು ನಾನು ಕೇಳಿದೆ. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಸ್ವಲ್ಪ ಬರುತ್ತದೆ, ಮನೆಯವರಿಗೆ ಅರ್ಥವಾಗುತ್ತದೆ ಎಂದರು. ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳು ಕೇಳಿದ್ದು ಒಂದೇ, "ಮಗಳ ಪರೀಕ್ಷೆ ಮುಗದ್ಮೇಲೆ ಮಾಡೂಕೆ ಆಗೂದಿಲ್ವಾ?" ಆಗುವುದಿಲ್ಲ ಎಂದರು.

ಆಪರೇಶನ್ ಆಯಿತು. ಊರಿಗೆ ಬಂದ ಮೇಲೆ ಅವಳ ಬಾಯಿಂದ ಬರುತ್ತಿದ್ದುದು ಮಾತಲ್ಲ, ಮಾತಿನ ನೆರಳು. ರ, ಲ, ಳ, ತ, ಟ ಎಲ್ಲ ಹೋಗಿದ್ದವು. ನಾಲಿಗೆ ಹಲ್ಲಿಗೋ ಅಂಗುಳಿಗೋ ತಾಗಿ ಹುಟ್ಟಬೇಕಾದ ಅಕ್ಷರ ಒಂದೂ ಉಳಿದಿರಲಿಲ್ಲ. ನಮ್ಮ ಮಗಳ ಹೆಸರಿನಲ್ಲಿ ಅಂಥ ಅಕ್ಷರಗಳೇ ಇದ್ದವು. ಅವಳು ಎರಡು ಮೂರು ಸಲ ಕರೆಯಲು ನೋಡಿದಳು. ಗಂಟಲಿನಿಂದ ಏನೋ ಒಂದು ಸ್ವರ ಬಂತು. ಆಮೇಲೆ ಕರೆಯುವುದನ್ನೇ ಬಿಟ್ಟು ಚಪ್ಪಾಳೆ ತಟ್ಟತೊಡಗಿದಳು. ಒಂದು ಸಲ ತಟ್ಟಿದರೆ ನನಗೆ, ಎರಡು ಸಲ ತಟ್ಟಿದರೆ ಮಗಳಿಗೆ. ಮಗಳು ಹಿತ್ತಲಲ್ಲಿದ್ದರೂ ಓಡಿ ಬರುತ್ತಿದ್ದಳು. ತನ್ನ ತಾಯಿಯ ಅರೆಬರೆ ಮಾತು ನನಗಿಂತ ಅವಳಿಗೆ ಬೇಗ ಅರ್ಥವಾಗುತ್ತಿತ್ತು. ಮನೆಗೆ ಬಂದವರಿಗೆ ಅವಳೇ ತಿಳಿಸಿ ಹೇಳುತ್ತಿದ್ದಳು. ಹತ್ತು ಹನ್ನೊಂದರ ಹುಡುಗಿ, ದೊಡ್ಡವರ ನಡುವೆ ನಿಂತು, ಆಯಿ ಹೀಗೆ ಅಂತಾಳೆ, ಆಯಿ ಹಾಗೆ ಅಂತಾಳೆ ಎನ್ನುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಎದ್ದು ಹೊರಗೆ ಹೋಗುತ್ತಿದ್ದೆ.

ಕರೆಂಟು ಕೊಟ್ಟ ಮೇಲೆ ಇನ್ನೂ ಕಷ್ಟ. ಬಾಯಿಯೊಳಗೆಲ್ಲ ಸುಟ್ಟ ಹಾಗೆ. ಎಂಜಲು ಹುಟ್ಟುತ್ತಿರಲಿಲ್ಲ. ನೀರು ಕುಡಿದರೂ ಉರಿ. ಗಂಜಿಯ ಒಂದಗುಳು ಎಲ್ಲೋ ಸಿಕ್ಕಿಕೊಂಡರೆ ಉಸಿರು ಕಟ್ಟುವ ತನಕ ಕೆಮ್ಮು. ಮೀನುಗಾರರ ಮನೆಯ ಮಗಳು ಮೀನಿನ ಸಾರಿನ ಪರಿಮಳ ಬಂದರೆ ಕೋಣೆಯ ಬಾಗಿಲು ಹಾಕಿಕೊಳ್ಳುವಂತಾಯಿತು. ಅವಳಿಗಾಗಿ ನಾವೂ ಮನೆಯಲ್ಲಿ ಮೀನು ಬಿಟ್ಟೆವು. ತಾಯಿ ಹೇಳದೆ ಕೇಳದೆ ತನ್ನ ಎಲೆ ಅಡಿಕೆ ಡಬ್ಬಿಯನ್ನು ಪಕ್ಕದ ಮನೆಯಲ್ಲಿಟ್ಟು ಬಂದಳು. ಕವಳ ಬೇಕೆನಿಸಿದರೆ ಅಲ್ಲಿಗೆ ಹೋಗಿ ಬರುತ್ತಿದ್ದಳು.

ಬಾಯಮ್ಮ ಒಂದು ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದಳು. ಅಷ್ಟು ದಿನ ಬಂದಿರಲಿಲ್ಲ. ಮಂಡಿ ನೋವು ಎಂದು ಹೇಳಿ ಕಳಿಸಿದ್ದಳು. ಆ ದಿನ ಮಗನ ಕೈ ಹಿಡಿದು ಬಂದು, ಹೆಂಡತಿ ಮಲಗಿದ್ದ ಮಂಚದ ಪಕ್ಕ ಕೆಳಗೆ ಕೂತಳು. ಕುರ್ಚಿ ಕೊಟ್ಟರೆ ಬೇಡ ಎಂದಳು. ಬಹಳ ಹೊತ್ತು ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿದಳು. ಹೆಂಡತಿ ಅವಳ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡಿದ್ದಳು. ಆಮೇಲೆ ಬಾಯಮ್ಮ ನನ್ನ ಕಡೆ ತಿರುಗಿ ಕನ್ನಡದಲ್ಲಿ, ನಾನು ಪೊಲೀಸನೋ ಎಂಬಂತೆ ಹೇಳಿದಳು.

"ಇವಳಿಗೆ ಮೊದಲನೇ ಎಲೆ ಮಡಚಿ ಕೊಟ್ಟದ್ದು ನಾನು. ಏಳನೇ ಈಯತ್ತೆಯ ಪೋರಿ ಆಗ. ಬೇಕು ಬೇಕು ಅಂತ ಹಟ ಮಾಡ್ತಿತ್ತು. ತಮಾಷೆಗೆ ಕೊಟ್ಟೆ."

ಬಾಯಮ್ಮ ತಾನೇ ಅರವತ್ತು ವರ್ಷದಿಂದ ಹಾಕುತ್ತಿದ್ದವಳು. ಅವಳಿಗೆ ಏನೂ ಆಗಿರಲಿಲ್ಲ. ನಾನು ಮೆಲ್ಲಗೆ, ಊರೆಲ್ಲ ಹಾಕುತ್ತದೆ ಬಾಯಮ್ಮ, ಹೀಗಾಗುತ್ತದೆಂದು ಯಾರಿಗೆ ಗೊತ್ತಿತ್ತು ಎಂದೆ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಹೆಂಡತಿ ಎದ್ದು ಕೂತಳು. ಮುದುಕಿಯ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು, ಇನ್ನು ಆ ಮಾತು ಬೇಡ ಎಂಬಂತೆ. ಬಾಯಮ್ಮ ಆ ಅಂಗೈಯೊಳಗೇ ಅತ್ತಳು. ಆಮೇಲೆ ಅವಳು ಕವಳ ಹಾಕಲಿಲ್ಲವಂತೆ. ಕ್ರಿಸ್‌ಮಸ್ಸಿಗೆ ಒಲೆಯ ಮುಂದೆಯೂ ಕೂರಲಿಲ್ಲವಂತೆ. ಬಾಯಮ್ಮನ ಸೊಸೆ ಕುಮಟಾದ ಬೇಕರಿಯಿಂದ ಕೇಕು ತರಿಸಿದಳು ಎಂದು ಅತ್ತೆ ಬಂದು ಹೇಳಿದರು.

ಮಗಳ ಹುಟ್ಟುಹಬ್ಬ ಬಂತು. ಅವಳು ಈ ವರ್ಷ ಏನೂ ಬೇಡ ಎಂದು ವಾರ ಮೊದಲೇ ಹೇಳಿಬಿಟ್ಟಿದ್ದಳು. ನಾನು ಆ ದಿನ ರಜೆ ಹಾಕಿದ್ದೆ. ಬೆಳಿಗ್ಗೆ ಹೆಂಡತಿ ಒಂದು ಚಪ್ಪಾಳೆ ತಟ್ಟಿ ಕರೆದು, ತುರಿಮಣೆಯ ಕಡೆ ಬೆರಳು ತೋರಿಸಿದಳು. ಆಮೇಲೆ ನನ್ನ ಕಡೆ. ಅರ್ಥವಾಯಿತು. ನನಗೆ ಬರುವುದಿಲ್ಲ ಎಂದೆ. ಅವಳು ಗೋಡೆ ಹಿಡಿದುಕೊಂಡು ಎದ್ದು ಹಿತ್ತಲಿಗೆ ನಡೆದಳು. ಮಣೆಯ ಮೇಲೆ ಗೋಡೆಗೆ ಒರಗಿ ಕೂತು ನನ್ನ ದಾರಿ ನೋಡಿದಳು.

ಆ ಮಧ್ಯಾಹ್ನ ನನ್ನ ಜೀವಮಾನದಲ್ಲಿ ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿದೆ. ನಾನು ಕಾಯಿ ತುರಿದೆ. ಸಿಪ್ಪೆ ಸೇರಿತೆಂದರೆ ಅವಳು ನೆಲ ಬಡಿಯುತ್ತಿದ್ದಳು. ಬೆಣ್ಣೆ, ಸಕ್ಕರೆ ಕಲಸುವಾಗ ನನ್ನ ಮಣಿಕಟ್ಟು ಹಿಡಿದು, ಹೀಗಲ್ಲ ಹೀಗೆ ಎಂದು ಒಂದೇ ದಿಕ್ಕಿಗೆ ತಿರುಗಿಸಿ ತೋರಿಸಿದಳು. ಅವಳ ಬೆರಳುಗಳು ತಣ್ಣಗಿದ್ದವು, ಉಂಗುರ ಸಡಿಲವಾಗಿ ಗೆಣ್ಣಿನ ತನಕ ಜಾರಿತ್ತು. ಒಲೆಯ ಉರಿ ಹೆಚ್ಚಾಗಿ ಕೇಕಿನ ತಳ ಕರಿಯಾಯಿತು. ಅವಳು ಮೂಗಿನಿಂದಲೇ ಅದನ್ನು ಮೊದಲು ತಿಳಿದಳು. ಕೈ ಬೀಸಿ ಗರಟೆ ಎಳೆಯಲು ಹೇಳಿದಳು. ನೊರೆಯ ಮೊದಲ ಪಾಲು ಏಳಲೇ ಇಲ್ಲ, ಬಿಳಿಗೆ ಹಳದಿ ಸೇರಿಬಿಟ್ಟಿತ್ತು. ಎಸೆದು ಮತ್ತೆ ಮೊಟ್ಟೆ ಒಡೆದೆವು. ಎರಡನೆಯ ಪಾಲಿಗೆ ಮಗಳು ಬಂದು ಯಂತ್ರ ಹಿಡಿದುಕೊಂಡಳು, ನಾನು ಪಾಕ ಸುರಿದೆ. ಕರೆಂಟು ನಡುವೆ ಹೋಯಿತು. ಉಳಿದದ್ದನ್ನು ನಾನೂ ಮಗಳೂ ಸರದಿಯಲ್ಲಿ ಕೈಯಿಂದ ಕಡೆದೆವು. ಕಡೆದು ಕಡೆದು ಕೊನೆಗೊಮ್ಮೆ ಅದು ಬಿಗಿಯಿತು. ಹೆಂಡತಿ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಅದನ್ನು ಎತ್ತಿ ನನ್ನ ತಲೆಯ ಮೇಲೆ ಬೋರಲು ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಒಂದು ಹನಿಯೂ ಬೀಳಲಿಲ್ಲ. ನೊರೆ ಸರಿಯಾಗಿದೆಯೋ ಎಂದು ನೋಡುವ ರೀತಿ ಅದೇ ಅಂತೆ, ಬಾಯಮ್ಮ ಹಾಗೇ ಮಾಡುತ್ತಿದ್ದಳಂತೆ. ಮಗಳು ಬಿದ್ದು ಬಿದ್ದು ನಕ್ಕಳು. ಹೆಂಡತಿಯೂ ನಕ್ಕಳು. ಅವಳ ನಗುವಿನ ಸದ್ದು ಮಾತ್ರ ಮೊದಲಿನದೇ ಆಗಿ ಉಳಿದಿತ್ತು. ಅದನ್ನು ಕೇಳಿ ನಾನು ಕಣ್ಣು ತೆರೆಯದೆ ಹಾಗೇ ಇದ್ದೆ.

ಕೇಕಿಗೆ ನೊರೆ ಬಳಿದೆವು. ಮಗಳು ಕತ್ತರಿಸಿ ಮೊದಲ ತುಂಡನ್ನು ತನ್ನ ತಾಯಿಗೆ ಹಿಡಿದಳು. ಕೇಕು ನುಂಗಲು ಆಗದು. ಹೆಂಡತಿ ಬೆರಳಲ್ಲಿ ಮೇಲಿನ ನೊರೆ ಮಾತ್ರ ತೆಗೆದು ಬಾಯೊಳಗಿಟ್ಟಳು. ನಾವಿಬ್ಬರೂ ನೋಡುತ್ತ ಕೂತೆವು. ಅವಳು ಕಾದಳು. ಏನೋ ಬರಬೇಕಿತ್ತು, ಬರಲಿಲ್ಲ ಎಂಬಂತೆ ಇನ್ನೊಂದು ಬೆರಳು ತೆಗೆದುಕೊಂಡಳು. ಆಮೇಲೆ ಮಗಳ ಕಡೆ ನೋಡಿ ಏನೋ ಅಂದಳು.

"ಎಂತ ಅಂದ್ಲು?" ಎಂದು ನಾನು ಕೇಳಿದೆ.

"ಸಕ್ಕರೆ ಹಾಕಿದ್ರಾ ಕೇಳ್ತಾಳೆ."

ನಾನು ಒಂದು ಬೆರಳು ನೊರೆ ತೆಗೆದು ತಿಂದೆ. ಸಿಹಿಯೆಂದರೆ ಸಿಹಿ, ಹಲ್ಲು ಜುಮ್ಮೆನ್ನುವಷ್ಟು. ಕರೆಂಟು ಅವಳ ರುಚಿಯನ್ನೂ ತೆಗೆದುಕೊಂಡು ಹೋಗಿದೆ ಎಂದು ಆ ಕ್ಷಣ ಗೊತ್ತಾಯಿತು. ಗಂಜಿ, ಹಾಲು ಯಾವುದೂ ರುಚಿಸದಿದ್ದುದು ಉರಿಯಿಂದ ಎಂದುಕೊಂಡಿದ್ದೆವು. ಅವಳಿಗೂ ಆ ತನಕ ಗೊತ್ತಿರಲಿಲ್ಲ. ತನಗೆ ಬಹಳ ಗೊತ್ತಿದ್ದ ಒಂದು ರುಚಿಯನ್ನು ಬಾಯಲ್ಲಿಟ್ಟ ಮೇಲೆಯೇ ಅದು ಅಲ್ಲಿಲ್ಲವೆಂದು ತಿಳಿದದ್ದು. ನಾನು ಸುಳ್ಳು ಹೇಳಿದೆ. ಸಕ್ಕರೆ ಕಡಿಮೆಯಾಗಿದೆ, ನಂದೇ ತಪ್ಪು ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಹದಿಮೂರು ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ನನ್ನ ಸುಳ್ಳು ಗೊತ್ತಾಗುವುದಿಲ್ಲವೇ? ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಕೇಕನ್ನು ಅಕ್ಕಪಕ್ಕದ ಮಕ್ಕಳು ತಿಂದರು. ಮಗಳು ತಿನ್ನಲಿಲ್ಲ.

ಆದರೆ ಒಂದು ಸಂಗತಿ ಮರುದಿನ ಅವಳೇ ಮಗಳ ಮೂಲಕ ಹೇಳಿದಳು. ರುಚಿ ಇಲ್ಲದಿದ್ದರೂ ನೊರೆ ಉರಿಯಲಿಲ್ಲವಂತೆ. ಎಲ್ಲಿಯೂ ಸಿಕ್ಕಿಕೊಳ್ಳದೆ ತಾನಾಗಿ ಕರಗಿ ಇಳಿಯಿತಂತೆ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬಿಸಿ ಪಾಕದಲ್ಲಿ ಚೆನ್ನಾಗಿ ಬೆಂದಿರಲಿ, ಕೊಡಿ, ಹೊಟ್ಟೆಗೆ ಏನಾದರೂ ಹೋಗುವುದು ಮುಖ್ಯ ಎಂದರು. ಅಂದಿನಿಂದ ನನ್ನ ದಿನ ನೊರೆಯಿಂದ ಶುರುವಾಗತೊಡಗಿತು. ಬೆಳಗಿನ ಬಸ್ಸಿಗೆ ಹೋಗುವ ಮೊದಲು ಒಂದು ಬಟ್ಟಲು, ಸಂಜೆ ಬಂದ ಮೇಲೆ ಒಂದು ಬಟ್ಟಲು. ಕೆಳಗೆ ಕೇಕು ಇಲ್ಲದ ಬರೀ ನೊರೆ. ಅವಳು ಗೋಡೆಗೆ ಒರಗಿ ಕೂತು ಚಮಚದ ತುದಿಯಲ್ಲಿ ತೆಗೆದು ತೆಗೆದು, ಔಷಧಿ ತೆಗೆದುಕೊಳ್ಳುವ ಹಾಗೆ ಮುಗಿಸುತ್ತಿದ್ದಳು. ನನ್ನ ತೋಳು ಗಟ್ಟಿಯಾಯಿತು. ಬಸ್ಸಿನಲ್ಲಿ ಟಿಕೆಟು ಹರಿಯುವಾಗ ಬೆರಳಿಗೆ ಮೊಟ್ಟೆಯ ವಾಸನೆ ಬರುತ್ತಿತ್ತು. ಡ್ರೈವರು ಹಳದೀಪುರದ ಸ್ಟಾಪಿನಲ್ಲಿ ಅರ್ಧ ನಿಮಿಷ ಹೆಚ್ಚು ನಿಲ್ಲಿಸುತ್ತಿದ್ದ. ಮಗಳು ರಸ್ತೆಬದಿಗೆ ಬಂದು, ಆಯಿ ಈಗ ಹೇಗಿದ್ದಾಳೆ ಎಂದು ಕೂಗಿ ಹೇಳಿ ಹೋಗುತ್ತಿದ್ದಳು.

ಆ ಮಳೆಗಾಲ ಸ್ವಲ್ಪ ಮೈ ಹಿಡಿದಳು. ಕೆನ್ನೆ ತುಂಬಿತು ಎಂದು ತಾಯಿ ಎಲ್ಲರಿಗೂ ಹೇಳಿಕೊಂಡು ಬಂದಳು. ನಾನೂ ನಂಬಿದೆ. ನಂಬದೆ ಏನು ಮಾಡುವುದು? ಒಂದು ದಿನ ಅವಳ ಕುತ್ತಿಗೆಗೆ ಎಣ್ಣೆ ಹಚ್ಚುವಾಗ, ಕಿವಿಯ ಕೆಳಗೆ, ಅಡಿಕೆಯಷ್ಟು ಗಾತ್ರದ ಗಂಟೊಂದು ನನ್ನ ಬೆರಳಿಗೆ ತಾಗಿತು. ನಾನು ಕೈ ತೆಗೆದೆ. ಅವಳು ನನ್ನ ಕೈಯನ್ನು ಹಿಡಿದು ಮತ್ತೆ ಅದೇ ಜಾಗದಲ್ಲಿ ಇಟ್ಟಳು. ಅವಳಿಗೆ ಮೊದಲೇ ಗೊತ್ತಿತ್ತು.

ಮಂಗಳೂರಿನಲ್ಲಿ ಈ ಸಲ ಡಾಕ್ಟರು ಹೆಚ್ಚು ಮಾತಾಡಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಎಂದರು. ನೋವಿಗೆ ಮಾತ್ರೆ ಕೊಟ್ಟರು. ಮುಂದೆ ಏನೂ ಇಳಿಯದಿದ್ದರೆ ಮೂಗಿನಿಂದ ನಳಿಕೆ ಹಾಕಬಹುದು ಎಂದರು. ಬರುವಾಗ ರೈಲಿನಲ್ಲಿ ಅವಳು ಕಿಟಕಿಯ ಕಡೆ ನೋಡಲಿಲ್ಲ, ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ಎದುರು ಕೂತಿದ್ದ ಹೆಂಗಸೊಬ್ಬಳು ನಮ್ಮನ್ನು ನೋಡಿ, ಹೊಸ ಮದುವೆಯವರ ಹಾಗೆ ಕೂತಿದ್ದೀರಿ ಎಂದು ನಕ್ಕಳು.

ನೊರೆಯನ್ನು ಮಾಡುತ್ತಲೇ ಇದ್ದೆ. ಒಂದು ಬಟ್ಟಲು ಅರ್ಧವಾಯಿತು, ಅರ್ಧ ಎರಡು ಚಮಚವಾಯಿತು. ಉಳಿದದ್ದು ಬಟ್ಟಲಲ್ಲೇ ಕೂತು ನೀರು ಬಿಟ್ಟು ಅಂಟಾಗುತ್ತಿತ್ತು. ಅದನ್ನು ಚೆಲ್ಲಿ ಮತ್ತೆ ಹೊಸದು ಕಡೆಯುತ್ತಿದ್ದೆ. ಇನ್ನು ಬೇಡ ಎಂದು ತಾಯಿ ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ. ಕಡೆಯುವ ಹೊತ್ತಿನಲ್ಲಿ ನನಗೆ ಬೇರೆ ಯೋಚನೆ ಬರುತ್ತಿರಲಿಲ್ಲ, ಅದೊಂದೇ ಸಮಾಧಾನ. ಒಂದು ಬೆಳಿಗ್ಗೆ ಚಮಚವನ್ನು ತುಟಿಯ ಹತ್ತಿರ ಹಿಡಿದಾಗ ಹೆಂಡತಿ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿದಳು. ಸಿಟ್ಟಿನಿಂದಲ್ಲ. ಮೆಲ್ಲಗೆ. ಆಮೇಲೆ ಏನೋ ಹೇಳಿದಳು. ಎರಡೇ ಅಕ್ಷರ. ನನಗೂ ಅರ್ಥವಾಯಿತು.

"ಸಾಕಾ? ಸರಿ, ಮಧ್ಯಾಹ್ನ ಮಾಡ್ತೆ," ಎಂದೆ.

ಮಗಳು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಪ್ಪ, ನೊರೆ ಸಾಕು ಅಂತ ಅಲ್ಲ," ಎಂದಳು. "ಎಲ್ಲಾ ಸಾಕು ಅಂತಾಳೆ."

ನಾನು ಬಟ್ಟಲನ್ನು ಕೆಳಗಿಟ್ಟೆ. ಮಗಳು ಚೀಲ ಇಳಿಸಿ ತಾಯಿಯ ಪಕ್ಕ ಮಲಗಿದಳು. ಆ ದಿನ ಅವಳು ಶಾಲೆಗೆ ಹೋಗಲಿಲ್ಲ, ನಾನು ಕೆಲಸಕ್ಕೆ ಹೋಗಲಿಲ್ಲ. ನಳಿಕೆ ಹಾಕಿಸುವುದು ಬೇಡ ಎಂದು ಮೂವರೂ ಸೇರಿ ನಿರ್ಧಾರ ಮಾಡಿದೆವು ಎಂದು ಹೇಳಿದರೆ ಅದು ಸುಳ್ಳು. ಹಾಕಿಸಲಿಲ್ಲ, ಅಷ್ಟೇ. ಮಾವಿನ ಮಿಡಿ ಬಿಡುವ ಹೊತ್ತಿಗೆ, ಒಂದು ಮಧ್ಯಾಹ್ನ, ನಾವೆಲ್ಲ ಇದ್ದಾಗಲೇ ಅವಳು ಹೋದಳು. ಮಗಳು ಅವಳ ಕೈ ಹಿಡಿದಿದ್ದಳು.

ದಿನದ ಕಾರ್ಯಕ್ಕೆ ತವರಿನವರು ಬಂದರು. ನಮ್ಮಲ್ಲಿ ಸತ್ತವರಿಗೆ ಪ್ರೀತಿಯಾದದ್ದನ್ನು ಬಾಳೆಲೆಯ ಮೇಲೆ ಎಡೆ ಇಡುವ ಪದ್ಧತಿ. ಅನ್ನ, ಬಂಗಡೆ ಸಾರು, ಹುರಿದ ಮೀನು ಬಡಿಸಿದರು. ಅತ್ತೆ ಸೊಂಟದ ಚೀಲದಿಂದ ಒಂದು ಕವಳ ತೆಗೆದು ಎಲೆಯ ತುದಿಗೆ ಇಟ್ಟರು. ಅದನ್ನು ತೆಗೆಯಿರಿ ಎಂದೆ. ಅಷ್ಟು ಜನರ ನಡುವೆ ನಾನು ಅತ್ತೆಗೆ ದನಿ ಏರಿಸಿದ್ದು ಅದೊಂದೇ ಸಲ.

ಅತ್ತೆ ನನ್ನನ್ನು ನೋಡಲಿಲ್ಲ. ಎಲೆಯನ್ನು ನೋಡುತ್ತಲೇ, "ಎರಡು ವರ್ಷ ಬಾಯಿ ಕಟ್ಟಿ ಸತ್ತಳು ನನ್ನ ಮಗಳು. ಇನ್ನು ಎಂತ ಆಗೂದಿದೆ ಅವಳಿಗೆ? ತಿನ್ಲಿ ಬಿಡಿ," ಎಂದರು.

ಕವಳ ಎಲೆಯ ಮೇಲೆ ಉಳಿಯಿತು. ಬಾಯಮ್ಮ ಆ ದಿನ ಬಂದಿದ್ದಳು. ಅಂಗಳದ ಮೂಲೆಯಲ್ಲಿ, ಮರದ ನೆರಳಿಗೆ ಕೂತಿದ್ದಳು. ಊಟಕ್ಕೆ ಎಷ್ಟು ಕರೆದರೂ ಏಳಲಿಲ್ಲ. ಎಲೆಯ ಕಡೆ ಅವಳು ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ.

ನಾನು ಇನ್ನೊಂದೇ ಸಲ ಕಾಯಿ ಕೇಕು ಮಾಡಿದೆ. ಅದು ಬೇಸಿಗೆಯಲ್ಲಿ, ಮಗಳ ಹುಟ್ಟುಹಬ್ಬಕ್ಕೆ. ಅವಳು ಬೇಡ ಎಂದಿರಲಿಲ್ಲ, ಬೇಕು ಎಂದೂ ಹೇಳಿರಲಿಲ್ಲ. ನನ್ನ ತಾಯಿಯ ಜೊತೆ ಹೊನ್ನಾವರದ ಅಜ್ಜಿಮನೆಗೆ ಹೋಗಿದ್ದಳು, ಸಂಜೆ ಬರುವವಳಿದ್ದಳು. ನಾನೊಬ್ಬನೇ ಹಿತ್ತಲಲ್ಲಿ ಒಲೆ ಹಚ್ಚಿದೆ. ಎಲ್ಲವೂ ಸರಿಯಾಗಿ ಬಂತು. ತಳ ಹತ್ತಲಿಲ್ಲ, ನಡುವೆ ಕುಸಿಯಲಿಲ್ಲ, ಬದಿಗಳು ಹೊಂಬಣ್ಣಕ್ಕೆ ತಿರುಗಿ ಪಾತ್ರೆಯಿಂದ ತಾವಾಗಿ ಬಿಟ್ಟುಕೊಂಡವು. ನೊರೆ ಮೊದಲನೆಯ ಸಲಕ್ಕೇ ಎದ್ದಿತು. ಅಷ್ಟು ಚೆನ್ನಾಗಿ ಅವಳ ಕೈಯಲ್ಲೂ ಯಾವತ್ತೂ ಬಂದಿರಲಿಲ್ಲ. ಇದನ್ನು ಹೇಳಿದರೆ ಅವಳು ಖಂಡಿತ ಜಗಳಕ್ಕೆ ಬರುತ್ತಿದ್ದಳು. ಯಾರಿಗೆ ಹೇಳುವುದು? ಅಷ್ಟು ಬಿಳಿಯಾಗಿ, ಅಷ್ಟು ಸರಿಯಾಗಿ ಕೂತಿದ್ದ ಅದನ್ನು ನೋಡುತ್ತ ನೋಡುತ್ತ ನನಗೆ ಇನ್ನು ಮುಂದೆ ಇರುವ ವರ್ಷಗಳೆಲ್ಲ ಒಮ್ಮೆಗೇ ಕಂಡ ಹಾಗಾಯಿತು. ಅವೆಲ್ಲವನ್ನೂ ಬದುಕಬೇಕಿತ್ತು.

ಸಂಜೆ ಮಗಳು ಬಂದಳು. ಒಂದು ತುಂಡು ಕತ್ತರಿಸಿ, ನಿಂತುಕೊಂಡೇ ಪೂರ್ತಿ ತಿಂದಳು. ಚೆನ್ನಾಗಿದೆ ಅಪ್ಪ ಎಂದಳು. ಕೈ ತೊಳೆದು ಬಂದು, ಮುಂದಿನ ವರ್ಷ ಮಾಡಬೇಡಿ ಎಂದಳು. ಆತು ಎಂದೆ. ಉಳಿದದ್ದನ್ನು ತಾಯಿ ನಾಲ್ಕು ಮನೆಗೆ ಹಂಚಿ ಬಂದಳು. ಬೆಳಿಗ್ಗೆ ನೋಡಿದಾಗ ತಟ್ಟೆಯಲ್ಲಿ ಉಳಿದಿದ್ದ ಒಂದು ತುಂಡಿನ ಮೇಲೆ ನೊರೆ ಇಳಿದು, ಅಂಚಿನಲ್ಲಿ ಇರುವೆ ಹತ್ತಿತ್ತು. ತೆಂಗಿನ ಬುಡಕ್ಕೆ ಹಾಕಿ, ತಟ್ಟೆ ತೊಳೆದಿಟ್ಟು, ಸಮವಸ್ತ್ರ ಹಾಕಿಕೊಂಡು ಮೊದಲ ಬಸ್ಸಿಗೆ ಹೋದೆ.